ಪಿಯಾನಿಸ್ಟ್ ಆಗಬೇಕಿದ್ದ ಮಹಾರಾಜರು

ಹ್ವಾಯ್, ಸಿಇಟಿ ಆಪ್ಷನ್ ಎಂಟ್ರಿ ಮಾಡುವಾಗ ಎಸ್‌ಜೆಸಿಇ ಅಂತ ಒಂದು ಹೆಸರು ನಮ್ಮೆಲ್ಲರ ಲಿಸ್ಟಿನ ಮೇಲ್ಗಡೆಯೇ ಇತ್ತು ಅಲ್ವಾ? ಸೀಟು ಸಿಕ್ಕಿದವರು ಮೈಸೂರಿಗೆ ಹೋದರು, ಸಿಗದ ನಾವು ಇಲ್ಲಿದ್ದೇವೆ. ಆದರೆ ಆ ಎಸ್, ಜೆ, ಸಿ ಅಂದ್ರೆ ಎಂತ ಅಂತ ಕೇಳಿದರೆ ನಮ್ಮ ಕ್ಲಾಸಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಶ್ರೀ ಜಯಚಾಮರಾಜೇಂದ್ರ. 1963ರಲ್ಲಿ ಶುರುವಾದ ಆ ಕಾಲೇಜಿಗೂ, ಬೆಂಗಳೂರಿನ ಜೆ.ಸಿ. ರಸ್ತೆಗೂ ಈ ಹೆಸರು ಬಂದದ್ದು ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ್ ಅವರಿಂದ.

ಅವರು ರಾಜರಾಗಿದ್ದರು, ಆಮೇಲೆ ರಾಜ್ಯಪಾಲರಾದರು. ಇಷ್ಟು ಹೈಸ್ಕೂಲ್ ಸಮಾಜ ಪುಸ್ತಕದಲ್ಲಿ ಇದೆ. ಅವರಿಗೆ ನಿಜವಾಗಿ ಆಗಬೇಕಿದ್ದದ್ದು ಪಿಯಾನಿಸ್ಟ್ ಅನ್ನುವುದು ಅದರಲ್ಲಿ ಇಲ್ಲ. ಈ ಸಲದ ಸಂಚಿಕೆಯಲ್ಲಿ ನಾವು ಹೇಳಹೊರಟಿರುವುದು ಆ ಕಥೆ.

ಇದು ಈಗ ಎಂತಕ್ಕೆ? ನಮ್ಮ ಹಾಸ್ಟೆಲಿನಲ್ಲಿ ಇಂಟರ್ನಲ್ಸ್ ಹತ್ತಿರ ಬಂದರೆ ಎಲ್ಲರ ಇಯರ್‌ಫೋನಿನಲ್ಲೂ ಜಪಾನಿನ ಪಿಯಾನೋನೇ. ರ್ಯೂಯಿಚಿ ಸಕಾಮೊಟೊ, ಜೋ ಹಿಸಾಯಿಶಿ. ಹಾಡಿಲ್ಲ, ಮಾತಿಲ್ಲ, ಒಬ್ಬರೇ ಕೂತು ಒಂದೇ ವಾದ್ಯ ನುಡಿಸುತ್ತಾರೆ. ಆದರೂ ಯಾರೋ ಹತ್ತಿರ ಕೂತು ಏನೋ ಹೇಳಿದ ಹಾಗೆ ಅನ್ನಿಸುತ್ತದೆ. ಬೈಂದೂರು ಕಡೆಯವರು ಕುಂದಾಪುರದಿಂದ ಬಸ್ಸಲ್ಲಿ ಮನೆಗೆ ಹೋಗುವಾಗ ಮರವಂತೆಯಲ್ಲಿ ಇದನ್ನು ಕೇಳಿ ನೋಡಿ. ಎಡಗಡೆ ಸಮುದ್ರ, ಬಲಗಡೆ ಸೌಪರ್ಣಿಕಾ. ಪಿಯಾನೋ ನುಡಿಸುವವರ ಎಡಗೈ ಬಲಗೈ ಥರವೇ. ಎಡಗೈ ಅಲೆಯ ಹಾಗೆ ಬಂದು ಬಂದು ಹೋಗುತ್ತದೆ, ಬಲಗೈ ಹೊಳೆಯ ಹಾಗೆ ಒಂದೇ ಎಳೆಯಲ್ಲಿ ಹರಿಯುತ್ತದೆ. ಈ ಭಾವಗೀತೆಯಂಥ ಪಿಯಾನೋ ಸಂಗೀತಕ್ಕೆ ಮನಸ್ಸು ಕೊಟ್ಟ ಕನ್ನಡ ನಾಡಿನವರು ಯಾರಿದ್ದಾರೆ ಅಂತ ಹುಡುಕಿಕೊಂಡು ಹೋದರೆ ಸಿಗುವ ದೊಡ್ಡ ಹೆಸರು ಇವರದ್ದೇ.

ಅರಮನೆಯ ಹುಡುಗ

ಜಯಚಾಮರಾಜೇಂದ್ರರು ಹುಟ್ಟಿದ್ದು 1919ರ ಜುಲೈ 18ರಂದು, ಮೈಸೂರಿನಲ್ಲಿ. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್. ಆಗ ಪಟ್ಟದಲ್ಲಿದ್ದವರು ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್. ಅವರಿಗೆ ಮಕ್ಕಳಿಲ್ಲ. ಹಾಗಾಗಿ ಲೆಕ್ಕಾಚಾರ ಸರಳವಾಗಿತ್ತು: ದೊಡ್ಡಪ್ಪನ ನಂತರ ತಂದೆ, ತಂದೆಯ ನಂತರ ಮಗ. ಮಗನ ಸರದಿ ಬರುವುದಕ್ಕೆ ಇನ್ನೂ ಬಹಳ ವರ್ಷ ಇದೆ ಅಂತಲೇ ಎಲ್ಲರೂ ಅಂದುಕೊಂಡಿರಬೇಕು.

ಆ ಅರಮನೆಯಲ್ಲಿ ಸಂಗೀತಕ್ಕೆ ಬರ ಇರಲಿಲ್ಲ. ನಾಲ್ವಡಿಯವರ ಆಸ್ಥಾನದಲ್ಲಿ ವೀಣೆ ಶೇಷಣ್ಣನವರಂಥ ವಿದ್ವಾಂಸರಿದ್ದರು, ಪಕ್ಕದಲ್ಲೇ ಪಾಶ್ಚಾತ್ಯ ವಾದ್ಯಗಳ ಅರಮನೆ ಬ್ಯಾಂಡೂ ಇತ್ತು. ಹುಡುಗ ಹಿಡಿದದ್ದು ಪಿಯಾನೋ. ತಂಗಿ ವಿಜಯಾದೇವಿಯವರೂ ಪಿಯಾನೋ ಕಲಿತರು, ಮುಂದೆ ಒಳ್ಳೆಯ ಪಿಯಾನಿಸ್ಟ್ ಅಂತ ಹೆಸರು ಮಾಡಿದರು. ಜಯಚಾಮರಾಜೇಂದ್ರರು ಓದಿನಲ್ಲೂ ಮುಂದು. ಮೈಸೂರಿನ ಮಹಾರಾಜ ಕಾಲೇಜಿನಿಂದ 1938ರಲ್ಲಿ ಪದವಿ ಪಡೆದಾಗ ಐದು ಚಿನ್ನದ ಪದಕ ಬಂದಿತ್ತು. 1939ರಲ್ಲಿ ತಂದೆಯ ಜೊತೆ ಯುರೋಪ್ ಪ್ರವಾಸ ಹೋದರು. ಲಂಡನ್ನಿನಲ್ಲಿ ಅಲ್ಲಿನ ಕಲಾವಿದರು, ವಿದ್ವಾಂಸರು ಹಲವರ ಪರಿಚಯವಾಯಿತು. ವೇದಿಕೆಯ ಮೇಲೆ ಕೂತು ನುಡಿಸುವ ಕಾನ್ಸರ್ಟ್ ಪಿಯಾನಿಸ್ಟ್ ಆಗಬೇಕು ಅನ್ನುವುದು ಅವರ ಆಸೆಯಾಗಿತ್ತು.

ಆಮೇಲೆ ಬಂತು 1940. ಮಾರ್ಚ್ ತಿಂಗಳಲ್ಲಿ ತಂದೆ ತೀರಿಕೊಂಡರು. ಆಗಸ್ಟ್ 3ರಂದು ದೊಡ್ಡಪ್ಪನೂ ಹೋದರು. ಐದು ತಿಂಗಳೊಳಗೆ ಲೆಕ್ಕಾಚಾರವೆಲ್ಲ ಬುಡಮೇಲು. ಸೆಪ್ಟೆಂಬರ್ 8ರಂದು ಅವರು ಸಿಂಹಾಸನ ಏರಿದಾಗ ವಯಸ್ಸು 21. ಅಂದರೆ ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು. ಹೊರಗೆ ಎರಡನೇ ಮಹಾಯುದ್ಧ ಬೇರೆ. ಪಿಯಾನಿಸ್ಟ್ ಆಗುವ ಆಸೆಗೆ ಅಲ್ಲಿಗೆ ತೆರೆ ಬಿತ್ತು.

ಆದರೆ ಗಮನಿಸಿ, ನಿಂತದ್ದು ವೃತ್ತಿ ಮಾತ್ರ, ಅಭ್ಯಾಸ ನಿಲ್ಲಲಿಲ್ಲ. ಪಟ್ಟಕ್ಕೆ ಬಂದು ಐದು ವರ್ಷ ಆದ ಮೇಲೆ, 1945ರಲ್ಲಿ, ಲಂಡನ್ನಿನ ಗಿಲ್ಡ್‌ಹಾಲ್ ಸ್ಕೂಲ್ ಆಫ್ ಮ್ಯೂಸಿಕ್‌ನ ಲೈಸೆನ್ಷಿಯೇಟ್ ಅವರಿಗೆ ಸಿಕ್ಕಿತು. ಟ್ರಿನಿಟಿ ಕಾಲೇಜ್ ಆಫ್ ಮ್ಯೂಸಿಕ್ ಗೌರವ ಫೆಲೋಶಿಪ್ ಕೊಟ್ಟಿತು. ಹಗಲು ರಾಜ್ಯದ ಕಾಗದ ಪತ್ರ, ಅದರ ನಡುವೆ ಪಿಯಾನೋ ಪಾಠ. ಸೆಮ್ ಎಕ್ಸಾಮ್ ಇದೆ ಅಂತ ಗಿಟಾರ್ ಮಂಚದ ಅಡಿಗೆ ಹಾಕುವ ನಮಗೆ ಇದು ಸ್ವಲ್ಪ ಮುಟ್ಟಿ ನೋಡಿಕೊಳ್ಳುವ ವಿಷಯ.

ಹೊಡೆಯುವ ವಾದ್ಯ ಹಾಡುವುದು ಹೇಗೆ?

ಇಲ್ಲಿ ಒಂಚೂರು ಇಂಜಿನಿಯರಿಂಗ್ ಮಾತಾಡುವ. ಪಿಯಾನೋದಲ್ಲಿ 88 ಕೀಲಿ, ಸುಮಾರು 230 ತಂತಿ. ಕೀಲಿ ಒತ್ತಿದರೆ ಒಳಗೆ ಒಂದು ಸಣ್ಣ ಸುತ್ತಿಗೆ ಹೋಗಿ ತಂತಿಗೆ ಹೊಡೆದು ಆ ಕ್ಷಣವೇ ಹಿಂದೆ ಬರುತ್ತದೆ. ಅಲ್ಲಿಂದ ಮುಂದೆ ಆ ಸ್ವರದ ಮೇಲೆ ನಿಮಗೆ ಅಧಿಕಾರ ಇಲ್ಲ. ಅದು ಕ್ಷೀಣಿಸುತ್ತಾ ಹೋಗುತ್ತದೆ. ದೊಡ್ಡದು ಮಾಡಲಿಕ್ಕೆ ಬರುವುದಿಲ್ಲ, ಅಲುಗಾಡಿಸಲಿಕ್ಕೂ ಬರುವುದಿಲ್ಲ. ಬೇಗ ನಿಲ್ಲಿಸಬಹುದು, ಇಲ್ಲ ಪೆಡಲ್ ಒತ್ತಿ ಅದರ ಪಾಡಿಗೆ ಬಿಡಬಹುದು. ಅಷ್ಟೇ. ಆ ಲೆಕ್ಕದಲ್ಲಿ ಪಿಯಾನೋ ಕೊಳಲಿಗಿಂತ ನಮ್ಮ ಚಂಡೆಗೆ ಹತ್ತಿರದ ನೆಂಟ. ಎರಡೂ ಹೊಡೆತದಿಂದ ಹುಟ್ಟುವ ನಾದ.

ಹಾಗಿದ್ದರೆ ಅದು ಹಾಡಿದ ಹಾಗೆ ಕೇಳುವುದು ಹೇಗೆ? ಅದು ನುಡಿಸುವವರ ಕೈಚಳಕ. ಒಂದು ಸ್ವರ ಸಾಯುವುದಕ್ಕೆ ಮೊದಲು ಮುಂದಿನದ್ದು, ಹಿಂದಿನ ಸ್ವರ ಎಷ್ಟು ಇಳಿದಿದೆಯೋ ಅದಕ್ಕೆ ಹೊಂದುವ ಹಾಗೆ ಹುಟ್ಟಬೇಕು. ಹತ್ತು ಬೆರಳಲ್ಲಿ ಒಂದು ಬೆರಳು ಮಾತ್ರ ಉಳಿದವಕ್ಕಿಂತ ಸ್ವಲ್ಪ ಭಾರ ಹಾಕಬೇಕು, ಆಗ ಆ ಸ್ವರಸಾಲು ದನಿಯ ಹಾಗೆ ಮೇಲೆ ಏಳುತ್ತದೆ. ಕೊನೆಗೆ ಮೌನ. ಯಕ್ಷಗಾನ ನೋಡಿದವರಿಗೆ ಇದು ಗೊತ್ತು. ಏರುಪದ್ಯದಲ್ಲಿ ಚಂಡೆ ಕಿವಿ ತುಂಬುತ್ತದೆ. ಕರುಣ ರಸದ ಪದ್ಯ ಬಂದಾಗ ಚಂಡೆ ಸುಮ್ಮನಾಗಿ ಭಾಗವತರ ದನಿ, ಮದ್ದಲೆ, ಶ್ರುತಿ ಮಾತ್ರ ಉಳಿಯುತ್ತದೆ. ಮಂದಾರ್ತಿ ಮೇಳದ ಆಟದಲ್ಲಿ ನಡುರಾತ್ರಿ ಹೀಗೆ ಆದಾಗ ನಿದ್ದೆಗಣ್ಣಿನಲ್ಲಿ ಇದ್ದವರೂ ಎದ್ದು ಕೂರುತ್ತಾರೆ. ಸಕಾಮೊಟೊ ಕೊನೆಗಾಲದಲ್ಲಿ, ಕ್ಯಾನ್ಸರ್ ಇರುವಾಗ, ಒಬ್ಬರೇ ಪಿಯಾನೋ ಮುಂದೆ ಕೂತು ನುಡಿಸಿದ್ದನ್ನು 2022ರಲ್ಲಿ ಚಿತ್ರೀಕರಿಸಿದರು. ಓಪಸ್ ಅನ್ನುವ ಆ ಸಿನಿಮಾದಲ್ಲಿ ಸ್ವರದಷ್ಟೇ ಮೌನವೂ ಕೇಳುತ್ತದೆ. ಅವರು ತೀರಿಕೊಂಡದ್ದು 2023ರ ಮಾರ್ಚ್‌ನಲ್ಲಿ.

ಮಹಾರಾಜರು ಮನಸ್ಸು ಕೊಟ್ಟದ್ದು ಇಂಥದ್ದೇ ಒಳದನಿಯ ಒಬ್ಬ ಸಂಗೀತಗಾರನಿಗೆ. ಆದರೆ ಆತ ಜಪಾನಿನವರಲ್ಲ, ರಷ್ಯಾದವರು.

ಲಂಡನ್ನಿನ ಮುದುಕ, ಮೈಸೂರಿನ ರಾಜ

ನಿಕೊಲಾಯ್ ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ರಾಖ್‌ಮನಿನಾಫ್ ಅವರ ಆಪ್ತ ಗೆಳೆಯ. 14 ಪಿಯಾನೋ ಸೊನಾಟಾ ಬರೆದರು. ಅದರ ಜೊತೆಗೆ ಪಿಯಾನೋಗೆ ಅಂತಲೇ 30ಕ್ಕೂ ಹೆಚ್ಚು ಸಣ್ಣ ಸಣ್ಣ ರಚನೆ ಮಾಡಿ ಅವುಗಳಿಗೆ ಸ್ಕಾಜ್ಕಿ ಅಂತ ಹೆಸರಿಟ್ಟರು. ರಷ್ಯನ್ ಭಾಷೆಯಲ್ಲಿ ಅಂದರೆ ಕಥೆಗಳು, ಅಜ್ಜಿ ಹೇಳುವ ಥರದ ಕಥೆಗಳು. ಮಾತಿಲ್ಲದೆ ಕಥೆ ಹೇಳುವುದು. ಜಗತ್ತು ಹೊಸ ಹೊಸ ಪ್ರಯೋಗಗಳ ಹಿಂದೆ ಓಡುತ್ತಿದ್ದಾಗ ಇವರು ಹಳೆಯ ದಾರಿಯಲ್ಲೇ ನಿಧಾನಕ್ಕೆ ನಡೆದರು. ಹಾಗಾಗಿ ಕೇಳುವವರು ಕಡಿಮೆಯಾದರು. 1930ರ ದಶಕದಲ್ಲಿ ಇಂಗ್ಲೆಂಡಿಗೆ ಬಂದು ನೆಲೆಸಿದರು. ಯುದ್ಧ ಶುರುವಾದ ಮೇಲೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. ಆರೋಗ್ಯವೂ ಕೆಟ್ಟಿತು. ತಮ್ಮ ಸಂಗೀತ ತಮ್ಮ ಜೊತೆಗೇ ಮುಗಿಯುತ್ತದೆ ಅನ್ನುವ ಸ್ಥಿತಿ.

ಆ ಹೊತ್ತಿನಲ್ಲಿ ಸಹಾಯ ಬಂದದ್ದು ಮೈಸೂರಿನಿಂದ. ಜಯಚಾಮರಾಜೇಂದ್ರರು ಮೆಟ್ನರ್ ಸೊಸೈಟಿ ಅನ್ನುವುದಕ್ಕೆ ಹಣ ಕೊಟ್ಟು ಆ ಸಂಗೀತವನ್ನು ಧ್ವನಿಮುದ್ರಿಸುವ ವ್ಯವಸ್ಥೆ ಮಾಡಿದರು. 1947ರಲ್ಲಿ, 67ನೇ ವಯಸ್ಸಿನಲ್ಲಿ, ಮೆಟ್ನರ್ ಲಂಡನ್ನಿನಲ್ಲಿ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ತಮ್ಮ ಪಿಯಾನೋ ಕಾನ್ಸರ್ಟೊಗಳನ್ನು ತಾವೇ ನುಡಿಸಿದರು. ಹಾಡುಗಳು, ಒಂಟಿ ಪಿಯಾನೋ ರಚನೆಗಳೂ ರೆಕಾರ್ಡ್ ಆದವು. ಎಚ್‌ಎಂವಿ ಕಂಪನಿ ಅವನ್ನು ಸಂಪುಟಗಳಾಗಿ ಹೊರತಂದಿತು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1951ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಆ ಮುದ್ರಣ ನಾಲ್ಕೈದು ವರ್ಷ ತಡವಾಗಿದ್ದರೆ ಅವರ ಕೈಯ ಸ್ವರ ನಮಗೆ ಈ ರೀತಿ ಉಳಿಯುತ್ತಿರಲಿಲ್ಲ. ಈಗ ಫೋನಿನಲ್ಲೇ ಕೇಳಬಹುದು.

ಈ ಕೆಲಸದ ಹಿಂದೆ ಇದ್ದ ಇನ್ನೊಬ್ಬರು ವಾಲ್ಟರ್ ಲೆಗ್, ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾವನ್ನು 1945ರಲ್ಲಿ ಕಟ್ಟಿದವರು. ಅವರು ಮೈಸೂರಿಗೆ ಬಂದು ಅರಮನೆಯಲ್ಲಿ ಕೆಲವು ವಾರ ಇದ್ದರು. ಅಲ್ಲಿದ್ದ ರೆಕಾರ್ಡ್ ಸಂಗ್ರಹ, ಸಾಲು ಲೌಡ್‌ಸ್ಪೀಕರ್, ಹಲವು ದೊಡ್ಡ ಗ್ರಾಂಡ್ ಪಿಯಾನೋ ನೋಡಿ ಬೆರಗಾದರು. ರೆಕಾರ್ಡುಗಳು ಸುಮಾರು 20,000 ಇದ್ದವು ಅಂತ ಅಂದಾಜು. ಆರ್ಕೆಸ್ಟ್ರಾ ತನ್ನ ಕಾಲ ಮೇಲೆ ನಿಲ್ಲಲಿ ಅಂತ ಮಹಾರಾಜರು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಒಪ್ಪಿದರು. 1948ರಲ್ಲಿ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು ಮೊದಲ ಸಲ ಕೇಳಿಬಂದವು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಕರು ಫರ್ಟ್‌ವಾಂಗ್ಲರ್. ಪಾಶ್ಚಾತ್ಯ ಸಂಗೀತದಲ್ಲಿ ಇವು ಎಷ್ಟು ದೊಡ್ಡ ಹೆಸರು ಅಂತ ಗೊತ್ತಿರುವವರಿಗೆ ಗೊತ್ತು. ಆ ಕಛೇರಿಗೆ ಹಣದ ಭರವಸೆ ಕೊಟ್ಟವರು ಮೈಸೂರು ಮಹಾರಾಜರು. ಅವರು ಅಲ್ಲಿ ಹೋಗಿ ಕೂರಲಿಲ್ಲ. ಅದರ ಧ್ವನಿಮುದ್ರಣ ಅವರಿಗಾಗಿ ಮೈಸೂರಿಗೆ ಹೊರಟಿತು.

ಒಂದು ಕಷ್ಟದ ಪ್ರಶ್ನೆ

ನಮ್ಮೊಳಗೆ ಇದನ್ನು ಚರ್ಚೆ ಮಾಡುವಾಗ ಒಂದು ಪ್ರಶ್ನೆ ಎದ್ದಿತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. 1947ರಲ್ಲಿ ಮೆಟ್ನರ್ ಲಂಡನ್ನಿನಲ್ಲಿ ರೆಕಾರ್ಡ್ ಮಾಡುತ್ತಿದ್ದ ಅದೇ ವರ್ಷ ಮೈಸೂರಿನಲ್ಲಿ ಎಂತ ಆಗುತ್ತಿತ್ತು? ಆಗಸ್ಟ್‌ನಲ್ಲಿ ಮಹಾರಾಜರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು. ಆದರೆ ಜನರಿಗೆ ಜವಾಬ್ದಾರಿ ಸರ್ಕಾರ ಸಿಕ್ಕಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ ಶುರುವಾಯಿತು. ವಿದ್ಯಾರ್ಥಿಗಳು ಬೀದಿಗೆ ಇಳಿದರು, ಜೈಲು ತುಂಬಿತು. ಅಕ್ಟೋಬರ್‌ನಲ್ಲಿ ಒಪ್ಪಂದ ಆಗಿ ಕೆ.ಸಿ. ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು. ಹಾಗಿರುವಾಗ ಬಡ ದೇಶದ ರಾಜರೊಬ್ಬರು ಲಂಡನ್ನಿನ ಆರ್ಕೆಸ್ಟ್ರಾಗೆ ಸಾವಿರಗಟ್ಟಲೆ ಪೌಂಡ್ ಕೊಡುವುದು ಸರಿಯಾ?

ನಮ್ಮಲ್ಲೇ ಎರಡು ಪಕ್ಷ ಆಯಿತು. ಆ ಹಣ ಇಲ್ಲಿನ ಶಾಲೆಗೆ ಬರಬೇಕಿತ್ತು ಅಂತ ಕೆಲವರು. ಅದೇ ಅರಮನೆಯ ನೆರವಿನಿಂದ ಋಗ್ವೇದ ಕನ್ನಡ ಅನುವಾದದ ಜೊತೆ ಸಂಪುಟ ಸಂಪುಟವಾಗಿ ಅಚ್ಚಾಯಿತಲ್ಲ, ಅವರು ಮನೆಯದ್ದನ್ನು ಮರೆತವರಲ್ಲ ಅಂತ ಇನ್ನು ಕೆಲವರು. ಎರಡೂ ಮಾತಿನಲ್ಲಿ ನ್ಯಾಯ ಇದೆ. ನಮಗೆ ಮುಖ್ಯ ಅನ್ನಿಸಿದ್ದು ಬೇರೆ. ತಾನು ಏರಲಾಗದ ವೇದಿಕೆಯ ಮೇಲೆ ಬೇರೊಬ್ಬರು ಕೂತು ನುಡಿಸಲಿ ಅಂತ ದಾರಿ ಮಾಡಿಕೊಡಲು ಬರೀ ದುಡ್ಡು ಸಾಲದು, ಮನಸ್ಸೂ ಬೇಕು. ದುಡ್ಡಿದ್ದ ರಾಜರು ಆಗ ನೂರಾರು ಜನ ಇದ್ದರು. ಜಗತ್ತು ಮರೆಯುತ್ತಿದ್ದ ಮುದುಕನೊಬ್ಬನ ಸ್ವರ ಉಳಿಸಬೇಕು ಅಂತ ಹೊಳೆದದ್ದು ಇವರಿಗೆ.

ವೀಣೆಯ ಮುಂದೆ, ಮೊದಲಿಂದ

ಕಥೆಯ ಇನ್ನೊಂದು ಅರ್ಧ ನಮಗೆ ಇನ್ನೂ ಇಷ್ಟ. ಪಿಯಾನೋದಲ್ಲಿ ಇಷ್ಟು ಮುಂದೆ ಹೋದವರು ದೊಡ್ಡವರಾದ ಮೇಲೆ ಮತ್ತೆ ಶಿಷ್ಯರಾಗಿ ಕೂತರು. ಶೇಷಣ್ಣನವರ ಶಿಷ್ಯರಾದ ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಆಸ್ಥಾನ ವಿದ್ವಾನ್ ಮೈಸೂರು ವಾಸುದೇವಾಚಾರ್ಯರಲ್ಲಿ ಕರ್ನಾಟಕ ಸಂಗೀತದ ಒಳಹೊರಗು ತಿಳಿದರು.

ಪಿಯಾನೋದಿಂದ ವೀಣೆಗೆ ಬರುವುದು ಅಂದರೆ ಸಿ ಪ್ಲಸ್ ಪ್ಲಸ್ ಬಿಟ್ಟು ಪೈಥಾನ್ ಕಲಿತ ಹಾಗೆ ಅಲ್ಲ, ಲಾಜಿಕ್ಕೇ ಬೇರೆ. ಪಿಯಾನೋದಲ್ಲಿ ಒಂದು ಕೀಲಿಯಿಂದ ಪಕ್ಕದ ಕೀಲಿಗೆ ಫ್ರೀಕ್ವೆನ್ಸಿ ಯಾವಾಗಲೂ 1.0595 ಪಟ್ಟು, ಅಂದರೆ 2ರ ಹನ್ನೆರಡನೇ ಮೂಲ. ಎರಡು ಕೀಲಿಯ ನಡುವೆ ಏನೂ ಇಲ್ಲ. ವೀಣೆಯಲ್ಲಿ ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲು, ನುಡಿಸಲು ನಾಲ್ಕು ತಂತಿ, ತಾಳಕ್ಕೆ ಮೂರು. ಮೀಟಿದ ಮೇಲೂ ತಂತಿ ನಿಮ್ಮ ಬೆರಳಿನ ಕೆಳಗೇ ಇರುತ್ತದೆ. ಅಡ್ಡಕ್ಕೆ ಎಳೆದರೆ ಟೆನ್ಷನ್ ಏರುತ್ತದೆ, ಫ್ರೀಕ್ವೆನ್ಸಿ ಟೆನ್ಷನ್ನಿನ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. ಷಡ್ಜದಿಂದ ಚತುಶ್ರುತಿ ರಿಷಭಕ್ಕೆ ಹೋಗಲು ಟೆನ್ಷನ್ ಸುಮಾರು 26 ಶೇಕಡ ಜಾಸ್ತಿ ಆಗಬೇಕು. ಆ ದಾರಿಯಲ್ಲಿ ಸಿಗುವ ಎಲ್ಲ ಎಡೆಗಳೂ ಸಂಗೀತವೇ. ಅದೇ ಗಮಕ. ಪಿಯಾನೋ ಹಾಡಿದ ಹಾಗೆ ಭ್ರಮೆ ಹುಟ್ಟಿಸಬೇಕು, ವೀಣೆ ನಿಜವಾಗಿಯೂ ದನಿಯ ಹಾಗೆ ಬಾಗುತ್ತದೆ.

ಕುತೂಹಲದ ವಿಷಯ ಎಂದರೆ ಪಿಯಾನೋದ ಈ ಬಿಗಿತದ ಬಗ್ಗೆ ಸಕಾಮೊಟೊ ಕೂಡ ತಲೆ ಕೆಡಿಸಿಕೊಂಡಿದ್ದರು. 2011ರ ಸುನಾಮಿಯಲ್ಲಿ ಮುಳುಗಿ ಶ್ರುತಿಯೆಲ್ಲ ಕೆಟ್ಟ ಶಾಲೆಯ ಪಿಯಾನೋ ಒಂದು ಅವರಿಗೆ ಸಿಕ್ಕಿತು. ಮನುಷ್ಯ ಬಲವಂತದಿಂದ ಕೂರಿಸಿದ ಶ್ರುತಿಯನ್ನು ಪ್ರಕೃತಿ ಸಡಿಲ ಮಾಡಿದೆ ಅಂತ ಅವರು ಅದನ್ನು ಕಂಡರು. ಆ ಪಿಯಾನೋದ ಸ್ವರವನ್ನು 2017ರ ಅಸಿಂಕ್ ಆಲ್ಬಮ್ಮಿನಲ್ಲಿ ಬಳಸಿದರು.

1940ರ ದಶಕದಲ್ಲಿ ಮಹಾರಾಜರು ಕೃತಿ ರಚನೆ ಶುರು ಮಾಡಿದರು. ಶ್ರೀವಿದ್ಯಾ ಅನ್ನುವ ಅಂಕಿತದಲ್ಲಿ 94 ಕೃತಿಗಳು, ಬೇರೆ ಬೇರೆ ರಾಗಗಳಲ್ಲಿ, ಕೆಲವು ತೀರಾ ಅಪರೂಪದ ರಾಗಗಳು. ಅವರು ಶ್ರೀವಿದ್ಯಾ ಉಪಾಸಕರು, ದೇವಿಯ ಆರಾಧಕರು. ರಾಜ, ಪದವಿ, ಬಿರುದು ಯಾವುದೂ ಅಂಕಿತದಲ್ಲಿ ಇಲ್ಲ. ನವರಾತ್ರಿಯಲ್ಲಿ ಕೊಲ್ಲೂರಿನ ಮೂಕಾಂಬಿಕೆಯ ಎದುರು ಸಂಗೀತ ಸೇವೆ ಕೇಳಿ ಬೆಳೆದ ನಮಗೆ ಈ ಭಾವ ಹೊಸದೇನಲ್ಲ. ದೇವಿಯ ಎದುರು ಎಷ್ಟು ದೊಡ್ಡ ಗಾಯಕರಾದರೂ ಮಗುವೇ.

ಅವರ ಕೃತಿಗಳಲ್ಲಿ ತುಂಬ ಜನಪ್ರಿಯವಾದ ಒಂದು ಗಂಭೀರನಾಟ ರಾಗದ ಶ್ರೀ ಜಾಲಂಧರಂ. ಫೋನಿನ ಕೀಬೋರ್ಡ್ ಆಪ್ ತೆರೆದು ಸಿ, ಇ, ಎಫ್, ಜಿ, ಬಿ ಕೀಲಿ ಒತ್ತಿ ನೋಡಿ. ಸ, ಗ, ಮ, ಪ, ನಿ. ಗಂಭೀರನಾಟದ ಐದು ಸ್ವರ ಅವು. ಈಗ ಜಪಾನಿನ ದಕ್ಷಿಣದ ಒಕಿನಾವಾ ದ್ವೀಪಗಳಿಗೆ ಹೋಗಿ. ಅಲ್ಲಿನ ಜನಪದ ಹಾಡುಗಳ ರ್ಯೂಕ್ಯೂ ಸ್ವರಶ್ರೇಣಿಯಲ್ಲಿ ಇರುವುದೂ ಇದೇ ಐದು ಸ್ವರ! ಅಲ್ಲಿ ಅದು ಮೀನುಗಾರರ ಊರಿನ ಹಾಡಿನ ಥರ ಕೇಳುತ್ತದೆ, ಇಲ್ಲಿ ದೇವಸ್ಥಾನದ ಎದುರು ನಿಂತ ಹಾಗೆ. ಸ್ವರ ಒಂದೇ ಆದರೂ ಅವುಗಳ ನಡುವಿನ ನಡಿಗೆ ಬೇರೆ. ಭಾವ ಇರುವುದು ಕೀಲಿಯಲ್ಲಿ ಅಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗುವ ರೀತಿಯಲ್ಲಿ.

ನಮ್ಮೂರಿಗೂ ಅವರಿಗೂ

ಕುಂದಾಪುರ, ಬೈಂದೂರು, ಬ್ರಹ್ಮಾವರ ಯಾವುದೂ ಅವರ ರಾಜ್ಯದಲ್ಲಿ ಇರಲಿಲ್ಲ. ನಾವು ಆಗ ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸಿಗೆ ಸೇರಿದವರು. 1956ರ ನವೆಂಬರ್ 1ರಂದು ಕನ್ನಡ ಮಾತಾಡುವ ಊರುಗಳೆಲ್ಲ ಒಂದಾದಾಗ ಆ ಹೊಸ ರಾಜ್ಯದ ಮೊದಲ ರಾಜ್ಯಪಾಲರಾಗಿ ಬಂದವರು ಜಯಚಾಮರಾಜೇಂದ್ರರು. ಅವರು ನಮಗೆ ಸಿಕ್ಕಿದ್ದು ಕಿರೀಟ ಇಳಿಸಿದ ಮೇಲೆಯೇ. 1964ರವರೆಗೆ ಇಲ್ಲಿ, ಆಮೇಲೆ 1966ರವರೆಗೆ ಮದ್ರಾಸಿನಲ್ಲಿ ರಾಜ್ಯಪಾಲರಾಗಿದ್ದರು.

ಅದೇ ಕಾಲದಲ್ಲಿ ಬ್ರಹ್ಮಾವರ ಬದಿಯ ಕೋಟದವರಾದ ಶಿವರಾಮ ಕಾರಂತರು ಯಕ್ಷಗಾನಕ್ಕೆ ವಯಲಿನ್, ಸ್ಯಾಕ್ಸೋಫೋನ್ ತಂದು ಪ್ರಯೋಗ ಮಾಡಿದರು. ಒಬ್ಬರು ಅರಮನೆಯವರು, ಇನ್ನೊಬ್ಬರು ಅರಮನೆಗೂ ಸರ್ಕಾರಕ್ಕೂ ತಲೆ ಬಗ್ಗಿಸದವರು. ಆದರೂ ಇಬ್ಬರಿಗೂ ವಾದ್ಯ ಯಾವ ದೇಶದ್ದು ಅನ್ನುವುದಕ್ಕಿಂತ ಅದು ಇಲ್ಲಿನ ಭಾವಕ್ಕೆ ಒಗ್ಗುತ್ತದಾ ಅನ್ನುವುದೇ ಮುಖ್ಯವಾಗಿತ್ತು.

1974ರ ಸೆಪ್ಟೆಂಬರ್ 23ರಂದು ಜಯಚಾಮರಾಜೇಂದ್ರರು ತೀರಿಕೊಂಡರು. ವಯಸ್ಸು ಬರೀ 55.

ಪ್ಯಾಷನ್ ಹಿಡಿಯಬೇಕಾ, ಕೆಲಸ ಹಿಡಿಯಬೇಕಾ ಅಂತ ನಮ್ಮ ಕ್ಯಾಂಟೀನಿನಲ್ಲಿ ದಿನಾ ಪಂಚಾಯ್ತಿಕೆ ಇರುತ್ತದೆ. ಎರಡೇ ದಾರಿ ಇದೆ ಅನ್ನುವ ಹಾಗೆ. ಚಂಡೆ ಚೆನ್ನಾಗಿ ಬಾರಿಸುವವ ಕೋರ್ ಕಂಪನಿ ಇಂಟರ್ವ್ಯೂಗೆ ಓದುತ್ತಾನೆ, ಚೆನ್ನಾಗಿ ಹಾಡುವವಳು ಕೋಡಿಂಗ್ ಟೆಸ್ಟ್ ಬರೆಯುತ್ತಾಳೆ, ಇಬ್ಬರೂ ಇನ್ನು ಎಲ್ಲ ಮುಗಿಯಿತು ಅನ್ನುತ್ತಾರೆ. ಮಹಾರಾಜರಿಗೆ ಬೇಕಾದದ್ದು ಸಿಗಲಿಲ್ಲ. ಅವರು ಬೇಡದ ಕೆಲಸ ಮಾಡುತ್ತಲೇ ಬೆರಳು ಪಳಗಿಸಿಕೊಂಡರು, ಇನ್ನೊಬ್ಬರ ಸ್ವರ ಉಳಿಸಿದರು, ಆಮೇಲೆ ಸ ರಿ ಗ ಮದಿಂದ ಶುರು ಮಾಡಿ ತಮ್ಮದೇ 94 ಕೃತಿ ಬಿಟ್ಟು ಹೋದರು. ಸಿಂಹಾಸನ ಹೋಯಿತು, ರಾಜಧನವೂ 1971ರಲ್ಲಿ ಹೋಯಿತು. ಆ ಕೃತಿಗಳನ್ನು ಕಛೇರಿಗಳಲ್ಲಿ ಈಗಲೂ ಹಾಡುತ್ತಾರೆ.

ಈ ವಾರ ಸ್ವಲ್ಪ ಪುರುಸೊತ್ತು ಮಾಡಿಕೊಂಡು ಮೂರು ಕೇಳಿ. ಮೊದಲು ಮೆಟ್ನರ್ ಅವರೇ ನುಡಿಸಿದ ಒಂದು ಸ್ಕಾಜ್ಕಾ, ಆಮೇಲೆ ಸಕಾಮೊಟೊ ಅವರ ಒಂಟಿ ಪಿಯಾನೋ, ಕೊನೆಗೆ ವೀಣೆಯಲ್ಲಿ ಶ್ರೀ ಜಾಲಂಧರಂ. ಇದೇ ಕ್ರಮದಲ್ಲಿ ಕೇಳಿ, ಮತ್ತೆ ಸಿಕ್ಕಾಗ ಮಾತಾಡುವ.